ಹದಿನಾಲ್ಕನೇ ವರ್ಷದ ಪಾರಸಿಕ್ ಓಪನ್

"ನೆಟ್ ಹತ್ರ ಅಷ್ಟು ಮುಂದೆ ನಿಂತ್ಕೋಬೇಡಿ... ಏಟು ಬೀಳತ್ತೆ."

ಅವನು ನಗುತ್ತಲೇ ಹೇಳಿದ್ದ. ಮೂರನೇ ಗೇಮ್ ಶುರುವಾಗುವ ಮುಂಚೆ, ಇಬ್ಬರೂ ಟವೆಲಿನಿಂದ ಬೆವರು ಒರೆಸಿಕೊಳ್ಳುತ್ತಿದ್ದಾಗ.

ಅಶ್ಮಿತಾ ತಿರುಗಿ ನೋಡಿದಳು. ನವಿಮುಂಬೈನ ವಾಶಿಯ ಆ ದೊಡ್ಡ ಬ್ಯಾಡ್ಮಿಂಟನ್ ಒಳಾಂಗಣದಲ್ಲಿ ಸುತ್ತಲೂ ಮರಾಠಿ, ಹಿಂದಿ, ಥಾಯ್, ಸಿಂಹಳ. ಅದರ ನಡುವೆ ಎದುರಾಳಿಯ ಬಾಯಲ್ಲಿ ಅಚ್ಚ ಮೈಸೂರು ಕನ್ನಡ.

"ಮೈಸೂರಿನವರು ನಿಧಾನ ಅಂತ ಕೇಳಿದ್ದೆ," ಎಂದಳು ಅವಳು. "ನಿಮ್ಮ ಏಟು ಬಂದು ಮುಟ್ಟುವಷ್ಟರಲ್ಲಿ ನಾನು ಡೊಂಬಿವಲಿಗೆ ಹೋಗಿ ಚಹಾ ಕುಡಿದು ಬರ್ತೇನೆ."

"ಬನ್ನಿ. ನನಗೂ ಒಂದು ತನ್ನಿ."

ಅವನ ಹೆಸರು ಹೃಷಿಕೇಶ್. ಠಾಣೆಯ ಘೋಡಬಂದರ್ ರಸ್ತೆಯಲ್ಲಿ ಮನೆ. ತಂದೆ ರಾಮಚಂದ್ರ ಬ್ಯಾಂಕಿನ ಕೆಲಸಕ್ಕೆಂದು ಮೈಸೂರಿನಿಂದ ಬಂದು ಇಲ್ಲೇ ಉಳಿದವರು. ಅವನ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಆದರೂ ಕೋರ್ಟಿಗೆ ಮರಳುವಾಗ ಅವಳ ಎದೆಯಲ್ಲಿ ಏನೋ ಹಗುರವಾಗಿ ಕುಣಿಯುತ್ತಿತ್ತು... ಮ್ಯಾಚ್ ಮುಗಿಯಲಿ, ಇವನ ಹತ್ತಿರ ಇನ್ನೂ ನಾಲ್ಕು ಮಾತು ಆಡಬೇಕು ಅಂದುಕೊಂಡಳು.

ಆ ನಾಲ್ಕು ಮಾತಿಗೆ ಎಂಟು ವರ್ಷ ಹಿಡಿಯಿತು.

ಮಿಶ್ರ ಡಬಲ್ಸ್ ಸೆಮಿಫೈನಲ್. ಹತ್ತೊಂಬತ್ತು ಸಮ. ಅಶ್ಮಿತಾಳ ಜೊತೆಗಾರ ಸಮಿತ್ ಹಿಂದಿನಿಂದ ಎತ್ತಿದ ಶಟಲ್ ಗಿಡ್ಡವಾಯಿತು. ಅದು ಅರ್ಧ ಕೋರ್ಟಿನ ಮೇಲೆ ತೇಲುತ್ತಿದ್ದಾಗ ಹೃಷಿಕೇಶ್ ಹಾರಿದ. ಅವಳು ನೆಟ್ಟಿನಿಂದ ಹಿಂದೆ ಸರಿಯಬೇಕಿತ್ತು. ಸರಿಯಲಿಲ್ಲ. ಅಡ್ಡಗಟ್ಟುತ್ತೇನೆಂದು ಬಲಕ್ಕೆ ಬಾಗಿದಳು.

ಶಬ್ದ ಮೊದಲು ಕೇಳಿಸಿತು. ಆಮೇಲೆ ಎಡಗಣ್ಣಿನೊಳಗೆ ಬೆಂಕಿಯ ಗುಂಡು ಒಡೆಯಿತು.

ಬಿದ್ದಲ್ಲೇ ಅವಳು ಕೂಗಿದ ಕೂಗಿಗೆ ಪಕ್ಕದ ಕೋರ್ಟಿನ ಆಟವೂ ನಿಂತಿತು. ಮುಖಕ್ಕೆ ಒತ್ತಿಕೊಂಡ ಬೆರಳುಗಳ ಸಂದಿಯಿಂದ ರಕ್ತ ಹಸಿರು ಮ್ಯಾಟಿನ ಮೇಲೆ ಇಳಿಯಿತು. ಯಾರೋ ನೆಟ್ಟಿನ ಕೆಳಗಿಂದ ನುಸುಳಿ ಬಂದು ಅವಳ ತಲೆ ಹಿಡಿದರು.

"ಕಣ್ಣು ಬಿಡಿ... ದಯವಿಟ್ಟು ಬಿಡಿ, ನೋಡೋಣ..."

ಅದೇ ಮೈಸೂರು ಕನ್ನಡ. ಮರುಕ್ಷಣ ಯಾರೋ ಅವನನ್ನು ಕಾಲರ್ ಹಿಡಿದು ಎಳೆದು ಎಸೆದ ಸದ್ದು. ಅಣ್ಣ ಮಯೂರನ ದನಿ.

"ಮುಟ್ಟಬೇಡ ಅವಳನ್ನು."

* * *

ಆಸ್ಪತ್ರೆಯಲ್ಲಿ ಎರಡು ಆಪರೇಷನ್ ಆಯಿತು. ರೆಟಿನಾ ಹರಿದಿತ್ತು. ಪಟ್ಟಿ ಬಿಚ್ಚಿದ ದಿನ ಡಾಕ್ಟರು ಟಾರ್ಚ್ ಹಿಡಿದು ಕೇಳಿದರು, "ಏನು ಕಾಣ್ತಿದೆ?"

"ಬೆಳಕು."

"ಮತ್ತೆ?"

ಮತ್ತೇನೂ ಕಾಣುತ್ತಿರಲಿಲ್ಲ. ಅಮ್ಮ ಜಯಲತಾ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು. ಅಪ್ಪ ವಸಂತಕುಮಾರ ಗೋಡೆಗೆ ಒರಗಿ ನಿಂತೇ ಇದ್ದರು. ಮಗಳು ಬಿದ್ದದ್ದು ಅವರೇ ಹುಟ್ಟುಹಾಕಿದ ಟೂರ್ನಮೆಂಟಿನಲ್ಲಿ.

ಇಪ್ಪತ್ತೊಂದನೇ ವಯಸ್ಸಿಗೆ ಅಶ್ಮಿತಾಳ ಆಟ ಮುಗಿಯಿತು. ಒಂದು ಕಣ್ಣಿಗೆ ಶಟಲ್‌ನ ದೂರ ತಿಳಿಯುವುದಿಲ್ಲ. ಮೊದಮೊದಲು ಲೋಟಕ್ಕೆ ನೀರು ಬಗ್ಗಿಸಿದರೂ ಅದು ಮೇಜಿನ ಮೇಲೆ ಬೀಳುತ್ತಿತ್ತು.

"ಅವನು ಬೇಕಂತಲೇ ಹೊಡೆದ," ಎಂದ ಸಮಿತ್. "ಬ್ರೇಕ್‌ನಲ್ಲಿ ಹೇಳಿದ್ದನಲ್ಲ, ಏಟು ಬೀಳ್ತದೆ ಅಂತ. ನಾನೇ ಕೇಳಿದ್ದೇನೆ. ಅಷ್ಟು ಕನ್ನಡ ನನಗೂ ಬರ್ತದೆ."

ಅವಳೂ ಕೇಳಿದ್ದಳು. ಆಗ ಸಿಹಿಯಾಗಿದ್ದ ಮಾತು ಈಗ ವಿಷವಾಗಿ ಕಿವಿಯಲ್ಲಿ ಸುತ್ತುತ್ತಿತ್ತು. ನೋವಿನ ಮದ್ದಿನ ಮಂಪರಿನಲ್ಲಿ ಅವಳು ಎಷ್ಟೋ ಹೊತ್ತು ಬಡಬಡಿಸಿದಳು. ಮಯೂರ್ ಅವಳ ಕೈ ಹಿಡಿದು ಎಲ್ಲವನ್ನೂ ಕೇಳುತ್ತಾ ಕೂತಿದ್ದ.

ಹೃಷಿಕೇಶ್ ಆಸ್ಪತ್ರೆಗೆ ಬರಲಿಲ್ಲ. ಒಂದು ಫೋನ್ ಇಲ್ಲ, ಒಂದು ಕ್ಷಮೆಯ ಮಾತಿಲ್ಲ. ಮುಂದಿನ ವರ್ಷ ಆಡಲೂ ಬರಲಿಲ್ಲ. ಹೇಡಿ, ಅಂದುಕೊಂಡಳು ಅಶ್ಮಿತಾ. ಒಬ್ಬಳ ಕಣ್ಣು ಕಿತ್ತು ಓಡಿಹೋದ ಹೇಡಿ.

ಆ ದ್ವೇಷವೇ ಅವಳನ್ನು ಹಾಸಿಗೆಯಿಂದ ಎಬ್ಬಿಸಿತು ಎಂದರೂ ತಪ್ಪಿಲ್ಲ. ಆಡಲಾಗದಿದ್ದರೆ ಆಟದ ಬಗ್ಗೆ ಮಾತಾಡುತ್ತೇನೆ ಎಂದು ಮೈಕ್ ಹಿಡಿದಳು. ಕೆಲವೇ ವರ್ಷಗಳಲ್ಲಿ ಆನ್‌ಲೈನ್ ಪ್ರಸಾರದ ಕಾಮೆಂಟರಿಯಲ್ಲಿ ಅವಳ ದನಿ ಎಲ್ಲರಿಗೂ ಪರಿಚಿತವಾಯಿತು. ಹಿಂದಿ, ಇಂಗ್ಲಿಷ್, ಮರಾಠಿ, ಯಾವುದಕ್ಕೂ ಸೈ.

* * *

ಇಪ್ಪತ್ತನೇ ವರ್ಷದ ಪಾರಸಿಕ್ ಓಪನ್ ಹತ್ತಿರ ಬಂದಾಗ ಅಪ್ಪ ಅವಳನ್ನು ಹೋಟೆಲಿನ ಮಹಡಿಗೆ ಕರೆದರು. ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿಗೆ ಹತ್ತಿರ, ತುಳುನಾಡಿನಿಂದ ಬಂದ ಅಪ್ಪ ಕಟ್ಟಿದ, ಕೆಳಗೆ ಸದಾ ಇಡ್ಲಿ-ವಡೆಯ ಗಲಾಟೆ ಇರುವ ಹೋಟೆಲ್ ಅದು.

"ಫೈನಲ್ಲಿನ ದಿನ ಸ್ಕ್ರೀನಿನ ಮೇಲೆ ಹಾಕ್ಲಿಕ್ಕೆ ಒಂದು ಫಿಲ್ಮ್ ಮಾಡು ಮಗಾ. ಟೂರ್ನಮೆಂಟಿನ ಇತಿಹಾಸ. ನಿನ್ನದೇ ದನಿ ಇರಲಿ."

ಇತಿಹಾಸ ಅವಳಿಗೆ ಬಾಯಿಪಾಠ. ಮೊದಲ ವರ್ಷ ಡೊಂಬಿವಲಿಯ ಒಂದು ಸಣ್ಣ ಹಾಲ್. ಪರದೇಶದವರೆಂದು ಬಂದದ್ದು ಶ್ರೀಲಂಕಾದ ಇಬ್ಬರು ಹುಡುಗರು, ನೇಪಾಳದ ಒಬ್ಬ. ಬ್ಯಾನರಿನ ಮೇಲೆ ‘ಇಂಟರ್‌ನ್ಯಾಷನಲ್’ ಎಂದು ಬರೆಸಿದ್ದಕ್ಕೆ ಊರೆಲ್ಲ ನಕ್ಕಿತ್ತು. ಮೂವರೂ ಇದೇ ಮಹಡಿಯಲ್ಲಿ ಮಲಗಿ, ಅಮ್ಮ ಮಾಡಿದ ನೀರುದೋಸೆ ತಿಂದು, ಹೋಗುವಾಗ ಅಮ್ಮನ ಕಾಲಿಗೆ ಬಿದ್ದು ಹೋಗಿದ್ದರು. ಎರಡನೇ ವರ್ಷ ಜುಲೈ ತಿಂಗಳ ಮಹಾನೆರೆಯಲ್ಲಿ ಕಲ್ಯಾಣದ ಹಾಲಿಗೆ ನೀರು ನುಗ್ಗಿ ಮರದ ಕೋರ್ಟ್ ಹಪ್ಪಳದಂತೆ ಉಬ್ಬಿತ್ತು. ಏಳನೇ ವರ್ಷ ಅದೇ ಕಲ್ಯಾಣದಲ್ಲಿ, ಗೆರೆಯ ಮೇಲೆ ಬಿದ್ದ ಒಂದು ಶಟಲ್‌ಗಾಗಿ ಪ್ರೇಕ್ಷಕರು ಕುರ್ಚಿ ಎಸೆದಾಡಿದ್ದರು. ಸೋಡಾ ಬಾಟಲಿ ಬಡಿದು ಅಂಪೈರಿನ ತಲೆ ಸೀಳಿತ್ತು. ಆಮೇಲೆ ಟೂರ್ನಮೆಂಟ್ ಠಾಣೆಗೆ ಹೋಯಿತು, ಅಲ್ಲಿಂದ ನವಿಮುಂಬೈಗೆ. ಕೋವಿಡ್ ಕಾಲದ ಎರಡು ವರ್ಷ ಆಟ ನಡೆಯಲೇ ಇಲ್ಲ. ಈಗ ಇಪ್ಪತ್ತಕ್ಕೂ ಹೆಚ್ಚು ದೇಶಗಳು.

"ಹದಿನಾಲ್ಕನೇ ವರ್ಷ?" ಎಂದು ಕೇಳಿದಳು ಅವಳು.

ಅಪ್ಪ ಕಿಟಕಿಯ ಕಡೆ ನೋಡಿದರು. "ಅದು ಬಿಡು. ಹದಿಮೂರರಿಂದ ಹದಿನೈದಕ್ಕೆ ಹಾರಿದರೂ ಯಾರಿಗೂ ಗೊತ್ತಾಗುದಿಲ್ಲ."

"ನನಗೆ ಗೊತ್ತಾಗ್ತದಲ್ಲ ಪಪ್ಪಾ."

"ಬಿಡು ಮಾರಾಯ್ತಿ ಅದನ್ನೆಲ್ಲ," ಎಂದ ಮಯೂರ್, ಒಳಗೆ ಬರುತ್ತಾ. ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿ ಅವನ ಕೆಮಿಕಲ್ ಟ್ಯಾಂಕರುಗಳು ಓಡುತ್ತಿದ್ದವು. ದೊಡ್ಡ ದೇಹ, ದೊಡ್ಡ ದನಿ, ತಂಗಿಯೆಂದರೆ ಪ್ರಾಣ. "ಯಾಕೆ ಹಳೇ ಗಾಯ ಕೆರೀತಿ? ಛೋಡ್ ನಾ."

ಆದರೆ ಅವಳು ಬಿಡಲಿಲ್ಲ. ಹೃಷಿಕೇಶನನ್ನು ಕ್ಯಾಮೆರಾದ ಮುಂದೆ ಕೂರಿಸಿ ಒಂದೇ ಪ್ರಶ್ನೆ ಕೇಳಬೇಕಿತ್ತು... ಯಾಕೆ ಹೊಡೆದೆ?

* * *

ಹೃಷಿಕೇಶ್ ಮಹಾಪೆಯ ಒಂದು ಐಟಿ ಕಂಪನಿಯಲ್ಲಿದ್ದ. ಗೇಟಿನ ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಕಾಯುತ್ತಾ ಕೂತಿದ್ದ ಅಶ್ಮಿತಾಳನ್ನು ಕಂಡವನೇ ಅವನು ನಿಂತುಬಿಟ್ಟ. ಮುಖದ ಬಣ್ಣ ಹೋಯಿತು. ಮೊದಲು ಅವನು ನೋಡಿದ್ದು ಅವಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು.

"ಒಬ್ಬಳೇ ಬಂದಿದ್ದೇನೆ," ಎಂದಳು. "ಕಣ್ಣಿಲ್ಲದವಳಿಗೆ ಇಷ್ಟು ಹೆದರ್ತೀರಾ?"

"ನಿಮಗಲ್ಲ." ಅವನು ಹತ್ತಿರ ಬಂದ. "ಏನ್ ಬೇಕು ನಿಮಗೆ?"

"ಉತ್ತರ. ಬೇಕಂತಲೇ ಹೊಡೆದಿರಾ?"

ಇಲ್ಲ ಎನ್ನುತ್ತಾನೆ, ಕಾಲು ಹಿಡಿಯುತ್ತಾನೆ, ಆಗ ಮುಖಕ್ಕೆ ಉಗುಳಿ ಹೋಗುತ್ತೇನೆ... ಎಷ್ಟು ವರ್ಷಗಳಿಂದ ಅವಳು ಅದನ್ನೇ ಕಲ್ಪಿಸಿಕೊಂಡಿದ್ದಳು.

"ಹೂಂ," ಎಂದ ಅವನು. "ನಿಮ್ಮ ಮೇಲೇ ಹೊಡೆದೆ. ಬಲ ಭುಜಕ್ಕೆ. ಮಿಕ್ಸ್ಡ್‌ನಲ್ಲಿ ಎಲ್ಲರೂ ಹಾಗೇ ಹೊಡೀತಾರೆ, ನಿಮಗೂ ಗೊತ್ತು. ಮೈಗೆ ಬಂದದ್ದನ್ನ ವಾಪಸ್ ಮಾಡೋದು ಕಷ್ಟ. ಶಟಲ್ ನನ್ನ ರಾಕೆಟ್ ಬಿಟ್ಟಾಗ ಅಲ್ಲಿ ಭುಜ ಇತ್ತು. ಬಂದು ತಲುಪುವಾಗ ಮುಖ ಇತ್ತು."

ಬಾಗಿದ್ದು ತಾನು. ಆ ಕ್ಷಣವನ್ನು ಅವಳು ಸಾವಿರ ಸಲ ನೆನಪಿಸಿಕೊಂಡಿದ್ದಳು. ಬಾಗಿದ್ದು ಮಾತ್ರ ಪ್ರತಿಸಲವೂ ಜಾರಿಹೋಗುತ್ತಿತ್ತು.

"ಹಾಗಾದರೆ ಒಂದು ಸಲ ಆಸ್ಪತ್ರೆಗೆ ಬಂದು ಇದನ್ನು ಹೇಳ್ಲಿಕ್ಕೆ ಆಗ್ಲಿಲ್ವಾ?"

"ಎರಡು ಸಲ ಬಂದೆ. ಎರಡು ಸಲವೂ ನಿಮ್ಮಣ್ಣ ಗೇಟಲ್ಲೇ ಕೆನ್ನೆಗೆ ಬಾರಿಸಿ ಕಳಿಸಿದ್ರು. ಮೂರನೇ ಸಲ ಬರೋ ಹೊತ್ತಿಗೆ..."

ಅವನು ಪ್ಯಾಂಟಿನ ಜೇಬಿನಿಂದ ಬಲಗೈ ತೆಗೆದ. ಇಷ್ಟು ಹೊತ್ತು ಆ ಕೈ ಹೊರಗೆ ಬಂದೇ ಇಲ್ಲವೆಂದು ಅವಳಿಗೆ ಆಗ ಹೊಳೆಯಿತು. ಮಣಿಕಟ್ಟು ಓರೆಯಾಗಿತ್ತು. ಮೂರು ಬೆರಳು ಒಳಕ್ಕೆ ಮಡಚಿಕೊಂಡು ಹಾಗೇ ನಿಂತಿದ್ದವು. ಮೇಲೆ ಹೊಲಿಗೆಯ ಬಿಳಿ ಗೆರೆಗಳು.

"ಠಾಣೆಯ ಕೋರ್ಟಿನ ಹೊರಗೆ. ಬೆಳಿಗ್ಗೆ ಪ್ರಾಕ್ಟೀಸ್‌ಗೆ ಹೋಗ್ತಿದ್ದೆ. ನಾಲ್ಕು ಜನ ಹೆಲ್ಮೆಟ್ ಹಾಕ್ಕೊಂಡು ಬಂದ್ರು. ಇಬ್ಬರು ಮಲಗಿಸಿ ಕೂತ್ರು, ಒಬ್ಬ ಕೈಯನ್ನ ಫುಟ್‌ಪಾತಿನ ಕಲ್ಲಿನ ಮೇಲೆ ಇಟ್ಟು ಹಿಡಿದ. ನಾಲ್ಕನೆಯವನು ಕಬ್ಬಿಣದ ರಾಡಲ್ಲಿ ಹೊಡೆದ. ಎಲುಬು ಒಡೆದ ಸದ್ದು ಕೇಳೋವರೆಗೂ ಹೊಡೆದ. ಆಮೇಲೆ ಹೆಲ್ಮೆಟ್ ತೆಗೆದ... ಮುಖ ನೋಡ್ಕೋ ಅಂತ."

"ಯಾರು?" ಎಂದಳು.

"ನಿಮ್ಮಣ್ಣ. ನನ್ನ ತಂಗಿ ಹೇಳಿ ಕಳಿಸಿದ್ದಾಳೆ ಅಂದ್ರು."

"ಸುಳ್ಳು. ನೀವು ಸುಳ್ಳು ಹೇಳ್ತಿದ್ದೀರಿ." ಅವಳು ಎದ್ದು ನಿಂತಳು. ಚಹಾದ ಗ್ಲಾಸು ಉರುಳಿ ಒಡೆಯಿತು. "ಹಾಗಿದ್ದರೆ ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?"

"ಹೆದರಿಕೆ. ನಿನ್ನ ಅಮ್ಮ ಯಾವ ಮಾರ್ಕೆಟ್ಟಿಗೆ ಹೋಗ್ತಾಳೆ ಗೊತ್ತು ಅಂದ್ರು." ಅವನು ಕೈಯನ್ನು ಮತ್ತೆ ಜೇಬಿನೊಳಗೆ ಹಾಕಿಕೊಂಡ. "ನಿಮ್ಮ ಕಾಮೆಂಟರಿ ಕೇಳ್ತಿರ್ತೀನಿ. ಚೆನ್ನಾಗಿ ಮಾತಾಡ್ತೀರಿ. ಪ್ರತಿ ಸಲ ಕೇಳುವಾಗಲೂ ಅಂದ್ಕೋತೀನಿ, ಇದೇ ದನಿ ನನ್ನ ಕೈ ಮುರಿಸ್ತಲ್ಲ ಅಂತ."

* * *

ಎಂಐಡಿಸಿಯ ಟ್ಯಾಂಕರ್ ಯಾರ್ಡಿನಲ್ಲಿ ಕೊಳೆತ ಮೊಟ್ಟೆಯಂಥ ವಾಸನೆ ಹಬ್ಬಿತ್ತು. ಮಯೂರ್ ಡ್ರೈವರನೊಬ್ಬನಿಗೆ ಬೈಯುತ್ತಿದ್ದ.

"ಅಣ್ಣ. ಹೃಷಿಕೇಶ್ ಕೈ ಮುರಿದದ್ದು ನೀನಾ?"

ಅವನು ಡ್ರೈವರನನ್ನು ಕಳಿಸಿದ. ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ.

"ಮತ್ತೆ? ನಿನ್ನ ಕಣ್ಣು ಹೋದ ಮೇಲೆ ಅವನು ಮೆಡಲ್ ಹಾಕ್ಕೊಂಡು ತಿರುಗಬೇಕಿತ್ತಾ?"

"ನಾನು ಹೇಳಿದ್ದೇನೆ ಅಂದೆಯಂತೆ ಅವನಿಗೆ."

"ನೀನೇ ಹೇಳಿದ್ದು."

"ಯಾವಾಗ?"

"ಆಸ್ಪತ್ರೆಯಲ್ಲಿ. ನನ್ನ ಕೈ ಹಿಡ್ಕೊಂಡು. ಅವನು ಇನ್ನು ಯಾವತ್ತೂ ರಾಕೆಟ್ ಹಿಡಿಯಬಾರದು ಅಣ್ಣ, ಅವನ ಕೈ ಹೋಗಬೇಕು ಅಂದೆ. ಒಂದು ಸಲ ಅಲ್ಲ. ಬೆಳಗಾಗುವವರೆಗೆ ಅದನ್ನೇ ಹೇಳಿದೆ. ನಾನು ಆಯ್ತು ಅಂದ ಮೇಲೆಯೇ ನೀನು ನಿದ್ದೆ ಮಾಡಿದ್ದು."

ಅವಳಿಗೆ ಏನೂ ನೆನಪಿರಲಿಲ್ಲ. ಆದರೆ ಅಣ್ಣ ಸುಳ್ಳು ಹೇಳುತ್ತಿಲ್ಲ ಎಂಬುದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಆ ಮಾತು ಅವಳದೇ. ಅಷ್ಟು ದ್ವೇಷ ಅವಳ ಹೊಟ್ಟೆಯಲ್ಲಿ ಇದ್ದದ್ದು ನಿಜ.

"ನನಗೆ ಆಗ ತಲೆ ಸರಿ ಇರ್ಲಿಲ್ಲ," ಎಂದಳು. "ನಿನಗೆ ಸರಿ ಇತ್ತಲ್ಲ?"

"ನಿನಗೋಸ್ಕರ ಮಾಡಿದ್ದು ನಾನು."

"ಗೊತ್ತುಂಟು. ಅದೇ ಹೆದರಿಕೆ ಆಗುದು."

ಅವಳು ಹಿಂದೆ ತಿರುಗಿ ನೋಡದೆ ಹೊರಗೆ ಬಂದಳು.

* * *

ಸಂಜೆ ಹೊತ್ತು ಹೃಷಿಕೇಶ್ ಘೋಡಬಂದರ್ ರಸ್ತೆಯ ತನ್ನ ಸೊಸೈಟಿಯ ಕೋರ್ಟಿನಲ್ಲಿ ಮಕ್ಕಳಿಗೆ ಕಲಿಸುತ್ತಿದ್ದ. ರಾಕೆಟ್ ಎಡಗೈಯಲ್ಲಿ. ಅಶ್ಮಿತಾ ಬಂದು ಬೆಂಚಿನ ತುದಿಗೆ ಕೂತಳು. ಮಕ್ಕಳು ಹೋಗುವವರೆಗೆ ಅವನು ಅವಳತ್ತ ತಿರುಗಲಿಲ್ಲ.

"ನೀವು ಹೇಳಿದ್ದು ನಿಜ," ಎಂದಳು ಅವಳು. "ನಾನೇ ಹೇಳಿದ್ದಂತೆ. ಮದ್ದಿನ ಅಮಲಿನಲ್ಲಿ. ನೆನಪಿಲ್ಲ ನನಗೆ. ಆದರೆ ಹೇಳಿಲ್ಲ ಅಂತ ಹೇಳ್ಲಿಕ್ಕೂ ಆಗುದಿಲ್ಲ."

ಅವನು ರಾಕೆಟ್‌ಗಳನ್ನು ಚೀಲಕ್ಕೆ ಹಾಕುತ್ತಿದ್ದ. ಹಾಕುತ್ತಲೇ ಹೋದ.

"ಕ್ಷಮಿಸಿ ಅಂತ ಕೇಳ್ಲಿಕ್ಕೆ ಬಂದದ್ದಲ್ಲ. ಕ್ಷಮಿಸುದು ನಿಮ್ಮ ಕೈಯಲ್ಲಿ ಆಗುವ ಕೆಲಸ ಅಲ್ಲ ಅಂತ ಗೊತ್ತುಂಟು."

"ನನ್ನ ಕೈಯಲ್ಲಿ ಬೀಗ ತೆಗೆಯೋದೇ ಆಗಲ್ಲ," ಎಂದ ಅವನು.

ಅದು ತಮಾಷೆಯೋ ಸಿಟ್ಟೋ ಅವಳಿಗೆ ತಿಳಿಯಲಿಲ್ಲ. ಅವನಿಗೂ ತಿಳಿದಂತಿರಲಿಲ್ಲ. ಅವನು ಬೆಂಚಿನ ಇನ್ನೊಂದು ತುದಿಗೆ ಕೂತ. ಯೇವೂರು ಗುಡ್ಡದ ಹಿಂದೆ ಬಿಸಿಲು ಇಳಿಯುತ್ತಿತ್ತು.

"ನಿಮಗೆ ಏನು ಕಾಣತ್ತೆ ಆ ಕಣ್ಣಲ್ಲಿ?"

ಯಾರೂ ಅವಳನ್ನು ಹೀಗೆ ನೇರವಾಗಿ ಕೇಳಿರಲಿಲ್ಲ. ಮನೆಯಲ್ಲಿ ‘ಕಣ್ಣು’ ಎಂಬ ಪದವನ್ನೇ ಎಲ್ಲರೂ ದಾಟಿಕೊಂಡು ಹೋಗುತ್ತಿದ್ದರು.

"ಹಗಲಿಗೆ ಹಾಲು ಚೆಲ್ಲಿದ ಹಾಗೆ. ಕತ್ತಲಲ್ಲಿ ಎಂತದೂ ಇಲ್ಲ. ಎಡಗಡೆಯಿಂದ ಯಾರಾದರೂ ಬಂದರೆ ಗೊತ್ತಾಗುದಿಲ್ಲ. ರೈಲಿನಲ್ಲಿ ದಿನಾ ಒಬ್ಬಳಿಗಾದರೂ ಡಿಕ್ಕಿ ಹೊಡೀತೇನೆ, ಅಂಧೀ ಹೈ ಕ್ಯಾ, ಕುರುಡಿಯಾ ಅಂತಾರೆ. ಅರ್ಧ ಅಂತೇನೆ."

ಅವನು ನಕ್ಕ. ತಟ್ಟನೆ ನಿಲ್ಲಿಸಿದ, ನಗಬಾರದಿತ್ತೇನೋ ಎಂಬಂತೆ. ಆಗ ಅವಳೇ ನಕ್ಕಳು.

ಅಲ್ಲಿಂದ ಅವಳು ಆಗಾಗ ಬರತೊಡಗಿದಳು. ಫಿಲ್ಮಿಗೆ ಮಾತು ಬೇಕು ಎಂಬುದು ನೆಪ. ಕೆಲವು ದಿನ ಜಗಳವಾಗುತ್ತಿತ್ತು. ಒಂದು ಸಂಜೆ, ಮಗುವಿನ ಶೂ ಲೇಸ್ ಕಟ್ಟಲಾಗದೆ ಅವನು ರಾಕೆಟ್ಟನ್ನು ಕಂಬಕ್ಕೆ ಬಡಿದು ಮುರಿದ. "ಹೋಗಿ ಇಲ್ಲಿಂದ. ನಿಮ್ಮ ಮುಖ ನೋಡಿದ್ರೆ ಆ ಕಲ್ಲು ನೆನಪಾಗತ್ತೆ," ಎಂದು ಅರಚಿದ. ಅವಳು ಹೋದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಅತ್ತಳು. ಮರುದಿನ ಮತ್ತೆ ಬಂದಳು. ಅವನು ಗೇಟಿನ ಹತ್ತಿರವೇ ನಿಂತಿದ್ದ, ಅವಳು ಬರುತ್ತಾಳೋ ಇಲ್ಲವೋ ಎಂದು ರಸ್ತೆ ನೋಡುತ್ತಾ.

‘ಇವನನ್ನು ಪ್ರೀತಿಸಲು ನನಗೆ ಯಾವ ಹಕ್ಕೂ ಇಲ್ಲ...’ ಅಂದುಕೊಳ್ಳುತ್ತಿದ್ದಳು ಅಶ್ಮಿತಾ. ಅಂದುಕೊಳ್ಳುವ ಹೊತ್ತಿಗೆ ಪ್ರೀತಿ ಆಗಿಹೋಗಿತ್ತು.

* * *

ಫೈನಲ್ಲಿನ ಮಧ್ಯಾಹ್ನ ಹಾಲ್ ಕಿಕ್ಕಿರಿದಿತ್ತು. ದೀಪ ಆರಿಸಿ ಫಿಲ್ಮ್ ಹಾಕಿದರು. ಶ್ರೀಲಂಕಾದ ಹುಡುಗರ ಹಳೆಯ ಫೋಟೋ ಬಂದಾಗ ಜನ ಚಪ್ಪಾಳೆ ತಟ್ಟಿದರು. ಉಬ್ಬಿದ ಕೋರ್ಟ್ ಕಂಡು ನಕ್ಕರು. ಹದಿಮೂರನೇ ವರ್ಷ ಮುಗಿಯಿತು. ವಸಂತಕುಮಾರ ಮುಂದಿನ ಸಾಲಿನಲ್ಲಿ ಕೂತು ಹದಿನೈದಕ್ಕೆ ಕಾಯುತ್ತಿದ್ದರು.

ಪರದೆ ಕಪ್ಪಾಯಿತು. ಅಶ್ಮಿತಾಳ ದನಿ ಮಾತ್ರ.

"ಹದಿನಾಲ್ಕನೇ ವರ್ಷ ಇಬ್ಬರು ಆಟಗಾರರ ಆಟ ಮುಗಿಯಿತು. ನನ್ನದು ಕೋರ್ಟಿನ ಒಳಗೆ. ಶಟಲ್ ಬಂತು, ನಾನು ಬಾಗಿದೆ. ಯಾರದೂ ತಪ್ಪಲ್ಲ. ಹೃಷಿಕೇಶ್ ಅವರದು ಕೋರ್ಟಿನ ಹೊರಗೆ. ಅವರ ಕೈಯನ್ನು ಕಲ್ಲಿನ ಮೇಲಿಟ್ಟು ರಾಡಿನಿಂದ ಜಜ್ಜಿದರು. ಅದನ್ನು ಮಾಡಿದ್ದು ನಮ್ಮ ಮನೆ. ಮಾಡಿಸಿದ್ದು ನನ್ನ ಮಾತು."

ಮುಂದಿನ ಸಾಲಿನಲ್ಲಿ ಅಮ್ಮ ಕೈಯಿಂದ ಮುಖ ಮುಚ್ಚಿಕೊಂಡರು. ಅವರ ಪಕ್ಕದ ಕುರ್ಚಿ ಖಾಲಿಯಾಗಿತ್ತು. ಮಯೂರ್ ಎದ್ದು ಹೋಗಿದ್ದ.

ಅಶ್ಮಿತಾ ಹಿಂಬಾಗಿಲಿನಿಂದ ಓಡಿದಳು. ಹೃಷಿಕೇಶ್ ಹೊರಗಿದ್ದ. ಒಳಗೆ ಕೂತು ಅದನ್ನು ಕೇಳಲಾರೆ ಎಂದು ಪಾರ್ಕಿಂಗ್‌ನಲ್ಲಿ ಬೈಕುಗಳ ಸಾಲಿನ ಹತ್ತಿರ ನಿಂತಿದ್ದ.

"ಹೇಳಿಬಿಟ್ಟೆ," ಎಂದಳು ಏದುಸಿರು ಬಿಡುತ್ತಾ.

ಅವನು ಏನೋ ಹೇಳಲು ಬಾಯಿ ತೆರೆದ. ಅವನ ಕಣ್ಣು ಅವಳ ಎಡಭುಜದ ಆಚೆ ಹೋಯಿತು, ದೊಡ್ಡದಾಯಿತು. ಎಡಗಡೆ ಅವಳಿಗೇನೂ ಕಾಣುತ್ತಿರಲಿಲ್ಲ. ಆದರೆ ಆ ಉಸಿರಾಟ ಹುಟ್ಟಿದಾಗಿನಿಂದ ಗೊತ್ತಿದ್ದದ್ದು.

"ಒಂದು ಕೈ ಸಾಕಾಗಿಲ್ಲ ಅಲ್ವಾ ನಿನಗೆ?" ಮಯೂರನ ದನಿ. "ನನ್ನ ತಂಗಿಯೂ ಬೇಕಾ?"

ರಾಡ್ ಮೇಲೆದ್ದದ್ದು ಅವಳಿಗೆ ಕಾಣಲಿಲ್ಲ. ಅದು ಯಾರ ತಲೆಯ ಮೇಲೆ ಇಳಿಯುತ್ತದೆಂದು ಮಾತ್ರ ಗೊತ್ತಿತ್ತು. ಅವಳು ಹೃಷಿಕೇಶನ ಎದೆಗೆ ಬಿದ್ದಳು.

ಕತ್ತಿನ ಕೆಳಗೆ ಎಲುಬು ಒಣಕಟ್ಟಿಗೆಯಂತೆ ಮುರಿಯಿತು. ಅವಳು ಮೊಣಕಾಲೂರಿ ಕುಸಿದಳು. ರಾಡ್ ಕಾಂಕ್ರೀಟಿನ ಮೇಲೆ ಬಿದ್ದು ಠಣಠಣ ಎಂದು ಉರುಳಿತು.

"ಆಶು..." ಮಯೂರನ ಮುಖ ಮಗುವಿನ ಮುಖದಂತಾಯಿತು. "ಆಶು, ನಾನು ಅವನಿಗೆ..."

ಅವನು ಮುಗಿಸಲಿಲ್ಲ. ಹೃಷಿಕೇಶ್ ಅವನ ಮೇಲೆ ಹಾರಿದ್ದ. ಇಬ್ಬರೂ ಒಂದು ಕಾರಿಗೆ ಬಡಿದು ನೆಲಕ್ಕೆ ಬಿದ್ದರು. ಬಲಗೈಗೆ ಹಿಡಿತವಿಲ್ಲ. ಹೃಷಿಕೇಶ್ ಎಡ ಮುಂಗೈಯನ್ನು ಮಯೂರನ ಗಂಟಲಿಗೆ ಅಡ್ಡ ಇಟ್ಟು ಮೈಯ ಭಾರವನ್ನೆಲ್ಲ ಹಾಕಿದ. ಮಯೂರ್ ಮುಷ್ಟಿಯಿಂದ ಅವನ ಮುಖಕ್ಕೆ ಗುದ್ದಿದ, ಮತ್ತೆ ಗುದ್ದಿದ. ಮೂಗು ಒಡೆದು ರಕ್ತ ಮಯೂರನ ಹಲ್ಲಿನ ಮೇಲೆಯೇ ಸುರಿಯಿತು. ಹೃಷಿಕೇಶ್ ಬಿಡಲಿಲ್ಲ. ಗುದ್ದು ನಿಧಾನವಾಯಿತು. ಮಯೂರನ ಕಾಲು ನೆಲವನ್ನು ಕೆರೆಯತೊಡಗಿತು. ತುಟಿ ನೀಲಿಗಟ್ಟಿತು.

"ಬಿಡಿ..." ಅಶ್ಮಿತಾ ತೆವಳುತ್ತಾ ಬಂದಳು. "ಹೃಷಿ, ಬಿಡಿ."

"ನಿಮ್ಮನ್ನ ಕೊಲ್ತಿದ್ದ ಇವನು."

"ನೀವು ಈಗ ಬಿಡದಿದ್ದರೆ ಇವನು ಸಾಯ್ತಾನೆ, ನೀವು ಜೈಲಿಗೆ ಹೋಗ್ತೀರಿ. ಆಮೇಲೆ ನನಗೆ ಯಾರುಂಟು?"

ಅವನ ತೋಳು ಸಡಿಲವಾಗಲಿಲ್ಲ. ಅವಳು ಅವನ ಬಲಗೈಯನ್ನು, ಆ ಓರೆಯಾದ ಮಣಿಕಟ್ಟನ್ನು ಹಿಡಿದುಕೊಂಡಳು. ಎಳೆಯಲಿಲ್ಲ. ಎಳೆಯುವ ಶಕ್ತಿಯೂ ಇರಲಿಲ್ಲ. ಸುಮ್ಮನೆ ಹಿಡಿದುಕೊಂಡಳು.

ಅವನು ಪಕ್ಕಕ್ಕೆ ಉರುಳಿದ. ಮಯೂರ್ ಭಯಾನಕ ಸದ್ದು ಮಾಡಿ ಉಸಿರು ಎಳೆದುಕೊಂಡ.

ತಲೆ ಎತ್ತಿದಾಗ ವಸಂತಕುಮಾರ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರು ಬಗ್ಗಿ, ರಾಡನ್ನು ಕರವಸ್ತ್ರದಲ್ಲಿ ಹಿಡಿದು ಎತ್ತಿಕೊಂಡರು. ಮಗನ ಮುಂದೆ ಬಂದು ತುಳುವಿನಲ್ಲಿ ಹೇಳಿದರು, "ಲಕ್ಕ್. ಪೋಯಿ." ಏಳು, ಹೋಗುವ.

"ಎಲ್ಲಿಗೆ ಪಪ್ಪಾ?" ಮಯೂರ್ ಕೆಮ್ಮುತ್ತಾ ಕೇಳಿದ.

"ಪೊಲೀಸ್ ಸ್ಟೇಷನ್ನಿಗೆ. ನಿನ್ನ ಕಾಲಲ್ಲೇ ನಡಿ. ಅಷ್ಟಾದರೂ ಮಾನ ಉಳೀಲಿ."

ಮಯೂರ್ ತಂಗಿಯ ಕಡೆ ನೋಡಿದ. ಅವಳ ಭುಜ ಬಾತುಕೊಂಡು ಓರೆಯಾಗಿ ಜೋತಿತ್ತು. ಅವನು ಮತ್ತೇನೂ ಕೇಳದೆ ಎದ್ದು ಅಪ್ಪನ ಹಿಂದೆ ನಡೆದ.

* * *

ಮಯೂರ್ ಎಲ್ಲವನ್ನೂ ಒಪ್ಪಿಕೊಂಡ, ಹಳೆಯದನ್ನೂ ಹೊಸದನ್ನೂ. ಅಮ್ಮ ಅವನಿಗೆ ಊಟ ಕೊಂಡುಹೋದರು. ಮಗಳನ್ನು ನೋಡಲು ಆಸ್ಪತ್ರೆಗೆ ಬರಲಿಲ್ಲ. "ಮನೆಯ ಮಾತನ್ನು ಸ್ಟೇಜಿನ ಮೇಲೆ ಹರವಿದವಳು ನನ್ನ ಮಗಳಲ್ಲ," ಎಂದರಂತೆ. ಅಶ್ಮಿತಾ ಅದನ್ನು ಕೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ಮುರಿದ ಎಲುಬಿಗೆ ಡಾಕ್ಟರು ಪ್ಲೇಟ್ ಹಾಕಿದ್ದರು.

ಹೃಷಿಕೇಶ್ ದಿನವೂ ಆಫೀಸಿಗೆ ಹೋಗುವ ಮುಂಚೆ ಬರುತ್ತಿದ್ದ. ಮೂಗಿನ ಮೇಲೆ ಪಟ್ಟಿ, ಕಣ್ಣ ಕೆಳಗೆ ಕಪ್ಪು. ನರ್ಸುಗಳು ಅವನನ್ನೂ ರೋಗಿಯೆಂದೇ ತಿಳಿದಿದ್ದರು.

ಆ ಬೆಳಿಗ್ಗೆ ಅವನು ಕೂತವನೇ ಹೇಳಿದ, "ನಿಮಗೊಂದು ಹೇಳ್ಬೇಕು. ಕೇಳಿ ಆಮೇಲೆ ಬೇಕಾದ್ರೆ ಹೋಗು ಅನ್ನಿ."

"ಎಂತ?"

"ನಿಮ್ಮಣ್ಣನ ಗಂಟಲು ಒತ್ತುವಾಗ ನನಗೆ ಸಿಟ್ಟಷ್ಟೇ ಇರ್ಲಿಲ್ಲ. ಖುಷಿಯಾಗ್ತಿತ್ತು. ಎಂಟು ವರ್ಷದಿಂದ ಕಾದಿದ್ದ ಹಾಗೆ. ನಾನು ಅಂಥವನು. ನಾನು ನಿಮ್ಮನ್ನ ಪ್ರೀತಿಸ್ತೀನಿ, ಅದೂ ನಿಜ. ಎರಡೂ ಗೊತ್ತಿರಲಿ ನಿಮಗೆ."

ಅಶ್ಮಿತಾಳ ಎರಡೂ ಕಣ್ಣು ತುಂಬಿದವು. ಕಾಣದ ಕಣ್ಣಿಗೂ ಅಳಲು ಬರುತ್ತಿತ್ತು.

"ನಾನು ಒಬ್ಬನ ಕೈ ಹೋಗ್ಲಿ ಅಂತ ರಾತ್ರಿಯೆಲ್ಲ ಬೇಡಿಕೊಂಡವಳು," ಎಂದಳು. "ಒಳ್ಳೆಯವಳೇ ಬೇಕಾದರೆ ಮ್ಯಾಟ್ರಿಮನಿಯಲ್ಲಿ ಬೇಕಾದಷ್ಟು ಜನ ಇದ್ದಾರೆ."

"ನೋಡಿದೀನಿ. ಅಮ್ಮ ತೋರಿಸಿದ್ರು. ಯಾರೂ ಇಷ್ಟ ಆಗ್ಲಿಲ್ಲ."

"ನನ್ನ ಅಮ್ಮ ಮದುವೆಗೆ ಬರುದಿಲ್ಲ."

"ಕಾಯೋಣ. ಬರೋವರೆಗೂ."

"ಬರದೇ ಇದ್ದರೆ?"

"ಆಗಲೂ ನಾನಿರ್ತೀನಿ."

ಅವಳ ಕೂದಲು ಬಿಚ್ಚಿ ಮುಖದ ಮೇಲೆ ಬಿದ್ದಿತ್ತು. ಒಂದು ಕೈ ಜೋಳಿಗೆಯಲ್ಲಿ, ಕಟ್ಟಿಕೊಳ್ಳಲು ಆಗುತ್ತಿರಲಿಲ್ಲ. ಅವಳು ರಬ್ಬರ್ ಬ್ಯಾಂಡನ್ನು ಅವನತ್ತ ಚಾಚಿದಳು. ಅವನು ಮಂಚದ ಹಿಂದೆ ಹೋಗಿ ನಿಂತ. ಎಡಗೈಯಲ್ಲಿ ಕೂದಲನ್ನು ಒಟ್ಟು ಮಾಡಿ, ಬಲಗೈಯ ಮಡಚಿದ ಬೆರಳುಗಳಿಗೆ ಬ್ಯಾಂಡ್ ಸಿಕ್ಕಿಸಿ ಎಳೆದ. ಜಾರಿತು. ಮತ್ತೆ ಎಳೆದ. ಅವನ ಉಸಿರು ಅವಳ ಕತ್ತಿಗೆ ತಾಗುತ್ತಿತ್ತು.

"ನೋವಾಗ್ತಿದೆಯಾ?" ಎಂದು ಕೇಳಿದ.

"ಆಗ್ತದೆ. ನಿಮಗೆ?"

"ನನಗೂ."

"ಹಾಗಾದರೆ ಬಿಡ್ತೀರಾ?"

"ಇಲ್ಲ," ಎಂದ ಅವನು. "ತಲೆ ಅಲ್ಲಾಡಿಸಬೇಡ, ಆಶು."

ಅವಳು ತಲೆ ಅಲ್ಲಾಡಿಸಲಿಲ್ಲ.

"ನಿಧಾನ ಮಾಡು," ಎಂದಳು. "ನನಗೆ ಎಲ್ಲಿಗೂ ಹೋಗ್ಲಿಕ್ಕಿಲ್ಲ."